ಚಳಿಗಾಲದ ವೇಳಾಪಟ್ಟಿ, ವಸಂತದ ಮನಸ್ಸು

(ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಪುಸ್ತಕ ತೆರೆದಿರುತ್ತದೆ. ಕಣ್ಣು ಸಾಲಿನಿಂದ ಸಾಲಿಗೆ ಇಳಿಯುತ್ತಲೂ ಇರುತ್ತದೆ. ಪುಟದ ತುದಿಗೆ ಬಂದು, ಓದಿದ್ದೇನು ಎಂದು ಕೇಳಿಕೊಂಡರೆ ಒಂದು ಪದವೂ ನೆನಪಿಗೆ ಬರುವುದಿಲ್ಲ. ಕಿಟಕಿಯಾಚೆ ಮರ ಚಿಗುರಿದೆ, ಗಾಳಿ ಬೆಚ್ಚಗಾಗಿದೆ, ಮನಸ್ಸು ಯಾವ ಮಾಯದಲ್ಲೋ ಎದ್ದು ಹೊರಗೆ ಹೋಗಿದೆ. ಪರೀಕ್ಷೆ ಹತ್ತಿರ ಬರುವುದೂ ಎಷ್ಟೋ ಸಲ ಇದೇ ಹೊತ್ತಿಗೆ. ಆಗ ವಿದ್ಯಾರ್ಥಿಗಳು ತಮ್ಮನ್ನೇ ಬೈದುಕೊಳ್ಳುತ್ತಾರೆ: ನನಗೆ ಶಿಸ್ತಿಲ್ಲ, ನಾನು ಸೋಮಾರಿ.

ಆ ಬೈಗುಳಕ್ಕೆ ಹುರುಳಿಲ್ಲ ಎಂದು ಹೇಳಲೆಂದೇ ಈ ಮಾತುಗಳು. ವಸಂತ ಬಂದಾಗ ಹಗಲು ಉದ್ದವಾಗುತ್ತದೆ, ಕೂರುವ ರೂಮು ಬಿಸಿಯಾಗತೊಡಗುತ್ತದೆ, ನಿದ್ದೆ ಬರುವ ಹೊತ್ತು ತಡವಾಗುತ್ತದೆ. ಇಷ್ಟೆಲ್ಲ ಬದಲಾದ ಮೇಲೂ ನಾವು ಓದುವ ಹೊತ್ತನ್ನು, ಮಲಗುವ ಹೊತ್ತನ್ನು, ಕೂರುವ ಜಾಗವನ್ನು ಚಳಿಗಾಲದಲ್ಲಿ ಇದ್ದ ಹಾಗೇ ಇಟ್ಟುಕೊಂಡಿರುತ್ತೇವೆ. ತೊಂದರೆಯ ಬಹುಪಾಲು ಅಲ್ಲಿಂದಲೇ ಬರುತ್ತದೆ.

ಮೊದಲು ಬೆಳಕಿನ ವಿಚಾರ. ಭೂಮಿಯ ಅಕ್ಷ 23.4 ಡಿಗ್ರಿ ವಾಲಿರುವುದರಿಂದ ಋತುಗಳಾಗುತ್ತವೆ ಎನ್ನುವುದು ಶಾಲೆಯಲ್ಲೇ ಕಲಿತದ್ದು. ಅಷ್ಟಾಗಿ ಯಾರೂ ಗಮನಿಸದ ಸಂಗತಿ ಇನ್ನೊಂದಿದೆ. ಹಗಲು ಎಲ್ಲ ತಿಂಗಳೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಚಳಿಗಾಲದ ಅತಿ ಗಿಡ್ಡ ಹಗಲಿನ ಆಸುಪಾಸಿನಲ್ಲಿ ದಿನಕ್ಕೆ ಕೆಲವೇ ಸೆಕೆಂಡು ಹೆಚ್ಚುವ ಬೆಳಕು, ಹಗಲು, ರಾತ್ರಿ ಸಮವಾಗುವ ಮಾರ್ಚ್ 20ರ ವಿಷುವದ ಸುಮಾರಿಗೆ ಓಡತೊಡಗುತ್ತದೆ. 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಆಗ ದಿನಕ್ಕೆ ಎರಡೂವರೆ ನಿಮಿಷಕ್ಕಿಂತ ಹೆಚ್ಚು, 60 ಡಿಗ್ರಿಯಲ್ಲಿ ಐದು ನಿಮಿಷಕ್ಕೂ ಹೆಚ್ಚು. ತಿಂಗಳು ಕಳೆಯುವುದರೊಳಗೆ ಗಂಟೆಗೂ ಮೀರಿದ ಬೆಳಕು ದಿನಕ್ಕೆ ಸೇರಿರುತ್ತದೆ. ಸಮಭಾಜಕ ವೃತ್ತಕ್ಕೆ ಹತ್ತಿರ ಇರುವವರಿಗೆ ಈ ಬದಲಾವಣೆ ತೀರ ಕಡಿಮೆ. ಅವರು ಮುಂದೆ ಬರುವ ಬಿಸಿಯ ಭಾಗವನ್ನು ಹೆಚ್ಚು ಗಮನವಿಟ್ಟು ಕೇಳಬೇಕು.

ದೇಹದೊಳಗಿನ ಗಡಿಯಾರ ಮೆದುಳಿನ ತಳದಲ್ಲಿ, ಎರಡು ಕಣ್ಣುಗಳ ನರಗಳು ಅಡ್ಡಹಾಯುವ ಜಾಗದ ಮೇಲೆಯೇ ಇದೆ. ಹೊರಗಿನ ಬೆಳಕಿನ ಸುಳಿವೇ ಸಿಗದಂತೆ ಇಟ್ಟರೂ ಅದು ನಡೆಯುತ್ತದೆ. ಆದರೆ ಸರಾಸರಿ 24 ಗಂಟೆ 11 ನಿಮಿಷಕ್ಕೆ ಒಂದು ಸುತ್ತು. ಹಾರ್ವರ್ಡ್‌ನಲ್ಲಿ ಚಾರ್ಲ್ಸ್ ಝೈಸ್ಲರ್ ಮತ್ತು ಸಂಗಡಿಗರು 1999ರಲ್ಲಿ ಅಳೆದು ತೋರಿಸಿದ್ದು ಇದು. ಅಂದರೆ ಹೆಚ್ಚಿನವರ ಗಡಿಯಾರವನ್ನು ದಿನಾ ಹತ್ತು ನಿಮಿಷದಷ್ಟು ಮುಂದಕ್ಕೆ ಎಳೆಯಬೇಕು. ಆ ಕೆಲಸ ಮಾಡುವುದು ಬೆಳಗಿನ ಬೆಳಕು. ಸಂಜೆಯ ಬೆಳಕು ಮಾಡುವುದು ಇದಕ್ಕೆ ತದ್ವಿರುದ್ಧ, ಗಡಿಯಾರವನ್ನು ಇನ್ನಷ್ಟು ತಡ ಮಾಡುತ್ತದೆ. ಸಾಲದ್ದಕ್ಕೆ 20 ವರ್ಷದ ಆಸುಪಾಸಿನಲ್ಲಿ ಈ ಗಡಿಯಾರ ಇಡೀ ಆಯುಷ್ಯದಲ್ಲೇ ಅತಿ ತಡದ ಹೊತ್ತಿಗೆ ನಿಂತಿರುತ್ತದೆ. ರಾತ್ರಿ ಒಂದಾದರೂ ಕಣ್ಣು ಕೂಡದಿರುವುದಕ್ಕೆ, ಬೆಳಗಿನ ಕ್ಲಾಸಿನಲ್ಲಿ ಕಣ್ಣು ಮುಚ್ಚಿ ಬರುವುದಕ್ಕೆ ವಯಸ್ಸಿನದೇ ಒಂದು ಪಾಲಿದೆ.

ಈಗ ವಸಂತದ ಒಂದು ದಿನವನ್ನು ನೋಡಿ. ಬೆಳಿಗ್ಗೆ ಪರದೆ ಎಳೆದ ರೂಮು, ಅಲ್ಲಿಂದ ಕ್ಲಾಸು. ಬೆಳಕನ್ನು ಅಳೆಯುವ ಮಾನ ಲಕ್ಸ್; ರೂಮಿನೊಳಗೆ ಬೆಳಕು 100ರಿಂದ 500 ಲಕ್ಸ್. ಮೋಡ ಕವಿದ ದಿನವೂ ಹೊರಗೆ ಹಲವು ಸಾವಿರ ಲಕ್ಸ್ ಇರುತ್ತದೆ, ನೇರ ಬಿಸಿಲಿನಲ್ಲಿ ಒಂದು ಲಕ್ಷದವರೆಗೆ. ಸಂಜೆ ಗೆಳೆಯರ ಜೊತೆ ಹೊತ್ತು ಮುಳುಗುವವರೆಗೂ ಹೊರಗೆ, ಆಮೇಲೆ ನಡುರಾತ್ರಿಯವರೆಗೆ ಫೋನು. ಗಡಿಯಾರವನ್ನು ಮುಂದಕ್ಕೆ ಎಳೆಯುವ ಬೆಳಕು ಸಿಗಲಿಲ್ಲ, ಹಿಂದಕ್ಕೆ ತಳ್ಳುವ ಬೆಳಕು ಬೇಕಾದ್ದಕ್ಕಿಂತ ಹೆಚ್ಚು ಸಿಕ್ಕಿತು. ವಾರದೊಳಗೆ ನಿದ್ದೆ ಮುಕ್ಕಾಲು ಗಂಟೆ ತಡವಾದರೆ ಆಶ್ಚರ್ಯವಿಲ್ಲ. ಏಳುವ ಹೊತ್ತು ಮಾತ್ರ ಕ್ಲಾಸಿನದು, ಅದು ಸರಿಯುವುದಿಲ್ಲ.

ಇದಕ್ಕೆ ಮಾಡಬೇಕಾದ್ದು ಸರಳ, ಆದರೆ ಯಾವುದನ್ನು ಮೊದಲು ಮಾಡುತ್ತೀರಿ ಎನ್ನುವುದು ಮುಖ್ಯ. ಮಲಗುವ ಹೊತ್ತನ್ನು ಮೊದಲು ಹಿಡಿಯಲು ಹೋದವರು ಸೋಲುತ್ತಾರೆ, ಏಕೆಂದರೆ ಬಾರದ ನಿದ್ದೆಯನ್ನು ಬಲವಂತದಿಂದ ತರಿಸಲಾಗದು. ಏಳುವ ಹೊತ್ತನ್ನು ಹಿಡಿಯಿರಿ, ರಜೆಯ ದಿನವೂ ಒಂದು ಗಂಟೆಗಿಂತ ಹೆಚ್ಚು ಜಾರಲು ಬಿಡಬೇಡಿ. ಎದ್ದ ಒಂದು ಗಂಟೆಯೊಳಗೆ 20ರಿಂದ 30 ನಿಮಿಷ ಬಯಲಿನಲ್ಲಿರಿ. ಕಿಟಕಿಯ ಗಾಜಿನ ಹಿಂದೆ ಕೂತರೆ ಅಷ್ಟು ಬೆಳಕು ಸಿಗುವುದಿಲ್ಲ. ಸೂರ್ಯನನ್ನು ನೋಡಬೇಕಾಗಿಲ್ಲ, ನೋಡಲೂಬಾರದು. ಆಕಾಶದ ಬೆಳಕು ಸಾಕು. ರಾತ್ರಿ ಮಲಗುವ ಎರಡು ಗಂಟೆ ಮೊದಲು ಮೇಲಿನ ದೀಪ ಆರಿಸಿ ಟೇಬಲ್ ದೀಪಕ್ಕೆ ಬನ್ನಿ. ಕಾಫಿಯ ಕೆಫೀನು ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದದ್ದರಲ್ಲಿ ಅರ್ಧ ರಾತ್ರಿ ಹನ್ನೊಂದಕ್ಕೂ ರಕ್ತದಲ್ಲಿರುತ್ತದೆ. ಹಾಗಾಗಿ ಕೊನೆಯ ಕಾಫಿ ಮಧ್ಯಾಹ್ನ ಎರಡಕ್ಕೆ ಮುಗಿಯಲಿ.

ಇನ್ನು ರೂಮು. ವಿದ್ಯಾರ್ಥಿಗಳು ಅತಿ ಕಡಿಮೆ ಲೆಕ್ಕಕ್ಕೆ ತೆಗೆದುಕೊಳ್ಳುವ ವಿಷಯ ಇದೇ, ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಕೂತು ಓದುವ ಒಬ್ಬ ಮನುಷ್ಯನ ಮೈಯಿಂದ ಹೊರಬೀಳುವ ಶಾಖ ಸುಮಾರು 100 ವ್ಯಾಟ್. ಇಬ್ಬರಿದ್ದರೆ 200. ಎರಡು ಲ್ಯಾಪ್‌ಟಾಪು ಸೇರಿದರೆ 300ರ ಹತ್ತಿರ. ಚಳಿಗಾಲದಲ್ಲಿ ಹಿತವಾಗಿದ್ದ ಈ ಶಾಖ ಈಗ ರೂಮಿನಲ್ಲೇ ಕೂಡಿಬೀಳುತ್ತದೆ. ಗಾಳಿಯ ಲೆಕ್ಕವೂ ಹೀಗೆಯೇ. ಸುಮ್ಮನೆ ಕೂತವರೊಬ್ಬರು ಗಂಟೆಗೆ 18 ಲೀಟರಿನಷ್ಟು ಇಂಗಾಲದ ಡೈಆಕ್ಸೈಡ್ ಉಸಿರಿನಲ್ಲಿ ಬಿಡುತ್ತಾರೆ. 3 ಮೀಟರ್ ಅಗಲ, 4 ಮೀಟರ್ ಉದ್ದ, 3 ಮೀಟರ್ ಎತ್ತರದ ರೂಮಿನಲ್ಲಿರುವುದು 36,000 ಲೀಟರ್ ಗಾಳಿ. ಪೂರ್ತಿ ಮುಚ್ಚಿದ ಅಂಥ ರೂಮಿನಲ್ಲಿ ಇಬ್ಬರು ಒಂದು ಗಂಟೆ ಕೂತರೆ ಆ ಅನಿಲ ಹತ್ತು ಲಕ್ಷದಲ್ಲಿ 1,000 ಭಾಗ ಹೆಚ್ಚಾಯಿತು. ಹೊರಗಿನ ಗಾಳಿಯಲ್ಲಿರುವುದು ಕೇವಲ 420 ಭಾಗ. ಬಾಗಿಲ ಸಂದಿಯಿಂದ ಒಂದಿಷ್ಟು ಗಾಳಿ ಆಡುತ್ತದೆ ನಿಜ, ಆದರೆ ತಲೆ ಭಾರವಾಗಿ ಮಂಪರು ಹತ್ತಲು ಇಷ್ಟೇ ಸಾಕು. ಎಷ್ಟೋ ಸಲ ಪಾಠ ಕಷ್ಟ ಎನಿಸುವಾಗ ಕಷ್ಟವಾಗಿರುವುದು ಗಾಳಿ.

2018ರಲ್ಲಿ ಪ್ರಕಟವಾದ ಹಾರ್ವರ್ಡ್ ಸಂಶೋಧಕರ ಅಧ್ಯಯನವೊಂದು ಹಾಸ್ಟೆಲಿನಲ್ಲಿದ್ದ 44 ವಿದ್ಯಾರ್ಥಿಗಳನ್ನು ಬಿಸಿಗಾಳಿಯ ದಿನಗಳಲ್ಲಿ 12 ದಿನ ಪರೀಕ್ಷಿಸಿತು. ಎಸಿ ಇಲ್ಲದ ಕಟ್ಟಡದಲ್ಲಿ ಮಲಗಿದವರು ಬೆಳಿಗ್ಗೆ ಎದ್ದು ಪರೀಕ್ಷೆಯ ಪ್ರಶ್ನೆಗಳಿಗೆ ಉತ್ತರ ಕೊಡಲು ಎಸಿ ಇದ್ದವರಿಗಿಂತ 13%ರಷ್ಟು ಹೆಚ್ಚು ಸಮಯ ತೆಗೆದುಕೊಂಡರು. ಚಿಕ್ಕ ಗುಂಪಿನ ಅಧ್ಯಯನ, ಎಲ್ಲರಿಗೂ ಇದೇ ಅಂಕಿ ಅಂಟುತ್ತದೆ ಎಂದುಕೊಳ್ಳಬಾರದು. ಅದರಲ್ಲಿ ಗಮನಿಸಬೇಕಾದ್ದು ಬೇರೆ. ಹೊರಗೆ ತಂಪಾದ ಮೇಲೂ ಕಟ್ಟಡದೊಳಗೆ ಬಿಸಿ ಉಳಿದೇ ಇತ್ತು, ತೊಂದರೆಯೂ ಉಳಿದಿತ್ತು. ಇಟ್ಟಿಗೆ, ಕಾಂಕ್ರೀಟಿನ ಗೋಡೆಗಳು ಹಗಲೆಲ್ಲ ಹೀರಿದ ಬಿಸಿಯನ್ನು ಹಲವು ಗಂಟೆ ತಡವಾಗಿ ಒಳಗೆ ಬಿಡುತ್ತವೆ. ಪಡುವಣ ದಿಕ್ಕಿನ ಗೋಡೆಗೆ ರಾತ್ರಿ ಹತ್ತಕ್ಕೆ ಕೈಯಿಟ್ಟು ನೋಡಿ, ಗೊತ್ತಾಗುತ್ತದೆ. ಆ ಗೋಡೆಗೆ ಒರಗಿಸಿದ ಮಂಚವನ್ನು ಎರಡು ಅಡಿಯಾದರೂ ಈಚೆ ಎಳೆಯಿರಿ.

ಕಿಟಕಿಯ ನಿಯಮ ಒಂದೇ. ಹೊರಗಿನ ಗಾಳಿ ಒಳಗಿನದಕ್ಕಿಂತ ತಂಪಾಗಿದ್ದಾಗ ತೆರೆಯಿರಿ, ಬಿಸಿಯಾಗಿದ್ದಾಗ ಮುಚ್ಚಿ. ಹೆಚ್ಚಿನವರು ಮಧ್ಯಾಹ್ನ ಸೆಕೆ ಎಂದು ತೆರೆಯುತ್ತಾರೆ, ರಾತ್ರಿ ಮುಚ್ಚಿ ಮಲಗುತ್ತಾರೆ. ಎರಡೂ ತಲೆಕೆಳಗು. ಸಂಜೆ ತಂಪಾದೊಡನೆ ಕಿಟಕಿಯ ಜೊತೆಗೆ ಎದುರಿನ ಬಾಗಿಲನ್ನೂ ತೆರೆಯಬೇಕು, ಏಕೆಂದರೆ ಗಾಳಿಗೆ ಬರಲು ಒಂದು ದಾರಿ, ಹೋಗಲು ಇನ್ನೊಂದು ದಾರಿ ಬೇಕು. ಒಂದೇ ಕಿಟಕಿ ಇದ್ದರೆ ಟೇಬಲ್ ಫ್ಯಾನನ್ನು ಕಿಟಕಿಯಲ್ಲಿ ಹೊರಮುಖವಾಗಿ ಇಡಿ. ಒಳಗಿನ ಬಿಸಿ ಗಾಳಿಯನ್ನು ಅದು ಆಚೆ ತಳ್ಳುತ್ತದೆ, ಬಾಗಿಲಿನ ಕಡೆಯಿಂದ ತಂಪು ಗಾಳಿ ತಾನಾಗಿ ಬರುತ್ತದೆ. ಫ್ಯಾನಿನ ಸುತ್ತ ಉಳಿದ ಕಿಂಡಿಯನ್ನು ರಟ್ಟಿನಿಂದ ಮುಚ್ಚದಿದ್ದರೆ ತಳ್ಳಿದ ಗಾಳಿ ಪಕ್ಕದಿಂದಲೇ ಒಳಗೆ ಹಿಂದಿರುಗುತ್ತದೆ. ಈ ಉಪಾಯ ಕೈಕೊಡುವುದು ಹೆಚ್ಚಾಗಿ ಆ ಕಿಂಡಿಯಿಂದ. ಹೊರಗೆ ಹೋಗುವಾಗ ಚಾವಣಿಯ ಫ್ಯಾನು ನಿಲ್ಲಿಸಿ. ಅದು ತಂಪು ಮಾಡುವುದು ಮೈಯ ಬೆವರನ್ನು ಒಣಗಿಸಿ. ಖಾಲಿ ರೂಮಿನಲ್ಲಿ ತಿರುಗಿದರೆ ಅದರ ಮೋಟಾರಿನ ಬಿಸಿಯಷ್ಟೇ ಲಾಭ.

ನಿದ್ದೆ ಹತ್ತಬೇಕಾದರೆ ದೇಹದ ಒಳಗಿನ ಉಷ್ಣಾಂಶ ಇಳಿಯಬೇಕು. ಅದು ಇಳಿಯುವುದು ಕೈ, ಕಾಲಿನ ಚರ್ಮದ ಮೂಲಕ ಶಾಖ ಹೊರಹೋದಾಗ. ಮಲಗುವ ಒಂದು ಎರಡು ಗಂಟೆ ಮೊದಲು 40ರಿಂದ 42 ಡಿಗ್ರಿಯ ಬಿಸಿನೀರಿನಲ್ಲಿ ಹತ್ತು ನಿಮಿಷ ಸ್ನಾನ ಮಾಡಿದರೆ ಬೇಗ ನಿದ್ದೆ ಬರುವುದು ಇದೇ ಕಾರಣಕ್ಕೆ. ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಿನ ಬಿಸಿ ಆಚೆ ಹೋಗುತ್ತದೆ. ಸೆಕೆ ಎಂದು ಮಲಗುವ ಕ್ಷಣದಲ್ಲಿ ತಣ್ಣೀರು ಸುರಿದುಕೊಂಡರೆ ಅದೇ ನಾಳಗಳು ಕುಗ್ಗಿ ಬಿಸಿ ಒಳಗೇ ಉಳಿಯುತ್ತದೆ. ಚಳಿಗಾಲದ ದಪ್ಪ ಹೊದಿಕೆಯನ್ನು ಇನ್ನೂ ಮಡಿಸಿಡದಿದ್ದರೆ ಇವತ್ತೇ ಆ ಕೆಲಸ ಮಾಡಿ. ಉಣ್ಣೆಯದಾದರೆ ಒಗೆದು, ಪೂರ್ತಿ ಒಣಗಿಸಿಯೇ ಇಡಬೇಕು. ಉಣ್ಣೆ ತಿನ್ನುವುದು ಪತಂಗವಲ್ಲ, ಅದರ ಮರಿಹುಳ. ಬೆವರು ಹತ್ತಿದ ಜಾಗವನ್ನೇ ಅದು ಹುಡುಕಿ ತಿನ್ನುತ್ತದೆ.

ಬೆಳಕು, ಬಿಸಿ ಎರಡನ್ನೂ ಸರಿಪಡಿಸಿದ ಮೇಲೆ ಉಳಿಯುವುದು ಮನಸ್ಸಿನ ಅಲೆದಾಟ. ಇಲ್ಲಿ ಒಂದು ಅಂಕಿ ನೆನಪಿರಲಿ. 2010ರಲ್ಲಿ ಮನೋವಿಜ್ಞಾನಿಗಳಾದ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ 2,250 ವಯಸ್ಕರನ್ನು ಫೋನಿನ ಮೂಲಕ ಹೊತ್ತಲ್ಲದ ಹೊತ್ತಿನಲ್ಲಿ ಕೇಳಿದಾಗ, ಸುಮಾರು 47% ಸಲ ಅವರ ಮನಸ್ಸು ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಬೇರೆಲ್ಲೋ ಇತ್ತು. ಮನಸ್ಸು ಅಲೆಯುವುದು ವರ್ಷಪೂರ್ತಿ ಇದ್ದದ್ದೇ. ವಸಂತದಲ್ಲಿ ಹೊರಗಿನ ಸೆಳೆತ ಹೆಚ್ಚಾಗಿ, ನಿದ್ದೆ ಕಡಿಮೆಯಾಗಿ, ಅದು ನಮ್ಮ ಕಣ್ಣಿಗೆ ಬೀಳುತ್ತದೆ.

ಆದರೆ ಅಲೆಯುವ ಯೋಚನೆಗಳೆಲ್ಲ ಒಂದೇ ಜಾತಿಯವಲ್ಲ. ಮೊದಲನೆಯದು ಬಾಕಿ ಕೆಲಸದ ಯೋಚನೆ: ಅಸೈನ್‌ಮೆಂಟು ಕೊಡಬೇಕು, ಫೀಸು ಕಟ್ಟಬೇಕು, ಮನೆಗೆ ಫೋನು ಮಾಡಬೇಕು. ಇವು ಮತ್ತೆ ಮತ್ತೆ ಬಂದು ತಟ್ಟುತ್ತವೆ. ಓಡಿಸಿದಷ್ಟೂ ಬರುತ್ತವೆ. ಇವಕ್ಕೆ ಮದ್ದು ಕಾಗದ. ಪುಸ್ತಕದ ಬಲಕ್ಕೆ ಒಂದು ಬಿಳಿ ಹಾಳೆ ಇಡಿ. ಯೋಚನೆ ಬಂದಾಗ ಐದು ಪದಕ್ಕೆ ಮೀರದಂತೆ ಬರೆದು, ಮುಂದಿನ ಹೆಜ್ಜೆ ಯಾವಾಗ, ಎಲ್ಲಿ ಎಂದು ಸೇರಿಸಿ. ‘ಪ್ರಾಜೆಕ್ಟ್’ ಎಂದು ಬರೆದರೆ ಯೋಚನೆ ಹೋಗುವುದಿಲ್ಲ. ‘ಗುರುವಾರ ನಾಲ್ಕಕ್ಕೆ ಲೈಬ್ರರಿಯಲ್ಲಿ ಗ್ರಾಫ್’ ಎಂದು ಬರೆದರೆ ಹೋಗುತ್ತದೆ. ಮನಸ್ಸಿಗೆ ಬೇಕಾಗಿದ್ದದ್ದು ಕೆಲಸ ಮುಗಿಯುವುದಲ್ಲ, ಅದಕ್ಕೊಂದು ಜಾಗ ಗೊತ್ತಾಗುವುದು. ಇದನ್ನು ಫೋನಿನಲ್ಲಿ ಬರೆಯಲು ಹೋಗಬೇಡಿ. ಫೋನು ತೆಗೆದದ್ದು ಒಂದು ಸಾಲು ಬರೆಯಲು, ಕೆಳಗಿಟ್ಟದ್ದು ಇಪ್ಪತ್ತು ನಿಮಿಷದ ಮೇಲೆ. ರಾತ್ರಿಗೂ ಇದೇ ಹಾಳೆ ಆಗುತ್ತದೆ. 2018ರಲ್ಲಿ ಮೈಕೆಲ್ ಸ್ಕಲಿನ್ ಮತ್ತು ಸಂಗಡಿಗರು ನಿದ್ರೆಯ ಪ್ರಯೋಗಾಲಯದಲ್ಲಿ ನೋಡಿದಂತೆ, ಮಲಗುವ ಮುನ್ನ ಐದು ನಿಮಿಷ ಮುಂದಿನ ದಿನಗಳ ಕೆಲಸ ಪಟ್ಟಿ ಮಾಡಿದವರು, ಮುಗಿದ ಕೆಲಸ ಪಟ್ಟಿ ಮಾಡಿದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆಹೋದರು. ಪಟ್ಟಿ ವಿವರವಾದಷ್ಟೂ ಪರಿಣಾಮ ಹೆಚ್ಚು.

ಎರಡನೆಯದು ಓದುವಾಗ ಸದ್ದಿಲ್ಲದೆ ಜಾರುವುದು, ಆರಂಭದಲ್ಲಿ ಹೇಳಿದ ಆ ಖಾಲಿ ಪುಟ. ಜಾರಿದ್ದು ಜಾರುವಾಗ ಗೊತ್ತಾಗುವುದಿಲ್ಲ ಎನ್ನುವುದೇ ಇದರ ತೊಡಕು. ಆದ್ದರಿಂದ ಪ್ರತಿ ಪುಟದ ಕೊನೆಗೆ ಪುಸ್ತಕ ಮುಚ್ಚಿ, ನೋಡದೆ ಒಂದು ಸಾಲು ಬರೆಯಿರಿ. ಬರೆಯಲಾಗದಿದ್ದರೆ ಆ ಪುಟ ಇನ್ನೊಮ್ಮೆ. ಎರಡನೇ ಸಲವೂ ಕೈ ಖಾಲಿಯಾದರೆ ಮೂರನೇ ಸಲ ಓದಬೇಡಿ, ಅದು ಬರಿಯ ಹಟ. ಆಗ ಗಡಿಯಾರ ನೋಡಿ, ರೂಮಿನ ಸೆಕೆ ನೋಡಿ, ನೀರು ಕುಡಿದು ಎಷ್ಟು ಹೊತ್ತಾಯಿತು ನೋಡಿ. ಮೈತೂಕದ 2%ರಷ್ಟು ನೀರು ಕಳೆದುಕೊಂಡರೇ ಗಮನ ಕುಂದುತ್ತದೆ. 60 ಕಿಲೋ ತೂಗುವವರಿಗೆ ಅದು 1.2 ಲೀಟರ್, ಬಿಸಿಲಿನಲ್ಲಿ ಒಂದು ಗಂಟೆ ಆಡಿದರೆ ಬೆವರಾಗಿ ಹೋಗುವಷ್ಟು. ಮೂತ್ರದ ಬಣ್ಣ ತಿಳಿಹಳದಿ ಇದ್ದರೆ ನೀರು ಸಾಲುತ್ತಿದೆ ಎಂದು ತಿಳಿಯಬಹುದು.

ಮಧ್ಯಾಹ್ನ ಒಂದರಿಂದ ಮೂರರವರೆಗಿನ ತೂಕಡಿಕೆಗೆ ಊಟವನ್ನೇ ದೂರುತ್ತೇವೆ. ಊಟ ಮಾಡದವರಿಗೂ ಆ ಹೊತ್ತಿಗೆ ಎಚ್ಚರ ಕುಗ್ಗುತ್ತದೆ, ದೇಹದ ಗಡಿಯಾರದ ಗುಣವೇ ಅದು. ಹೊಟ್ಟೆ ತುಂಬಿದ್ದರೆ, ರೂಮು ಕಾದಿದ್ದರೆ ಇನ್ನಷ್ಟು. ಆ ಎರಡು ಗಂಟೆಗೆ ಕಷ್ಟದ ಅಧ್ಯಾಯ ಇಟ್ಟುಕೊಂಡು ಗುದ್ದಾಡುವುದು ವ್ಯರ್ಥ. ಚಿತ್ರ ಬಿಡಿಸುವುದು, ನೋಟ್ಸ್ ಜೋಡಿಸುವುದು, ಬಟ್ಟೆ ಒಗೆಯುವುದು ಆಗ ನಡೆಯಲಿ. ಮಲಗುವುದಾದರೆ 20 ನಿಮಿಷಕ್ಕೆ ಅಲಾರಂ ಇಡಿ. ಮುಕ್ಕಾಲು ಗಂಟೆ ಆಯಿತೆಂದರೆ ಗಾಢ ನಿದ್ದೆಯ ನಡುವೆ ಏಳಬೇಕಾಗುತ್ತದೆ, ಎದ್ದ ಮೇಲೆ ಅರ್ಧ ಗಂಟೆ ತಲೆ ಓಡುವುದಿಲ್ಲ. ಮೂರರ ನಂತರ ಮಲಗಿದರೆ ರಾತ್ರಿಯ ನಿದ್ದೆಗೆ ಕುತ್ತು.

ಮೂರನೆಯ ಬಗೆಯ ಯೋಚನೆಗಳಿವೆ. ಓದು ಮುಗಿದ ಮೇಲೆ ಏನು, ಎಲ್ಲಿ ಇರುತ್ತೇನೆ, ಈ ಗೆಳೆತನಗಳು ಉಳಿಯುತ್ತವೆಯೇ, ಆಯ್ದುಕೊಂಡ ವಿಷಯ ನನಗೆ ಸರಿಯೇ. ಚಿಗುರಿನ ಕಾಲದಲ್ಲಿ ಇವು ಹೆಚ್ಚು ಬರುತ್ತವೆ, ಏಕೆಂದರೆ ಶೈಕ್ಷಣಿಕ ವರ್ಷ ಹಲವು ಕಡೆ ಆಗಲೇ ಕೊನೆಗೆ ಬಂದಿರುತ್ತದೆ. ಇವನ್ನು ಹಾಳೆಯ ಮೇಲೆ ಐದು ಪದದಲ್ಲಿ ಬರೆದು ಮುಗಿಸಲು ಬರುವುದಿಲ್ಲ, ಓಡಿಸುವುದೂ ತಪ್ಪು. ಇವಕ್ಕೆ ಹೊತ್ತು ಕೊಡಬೇಕು, ಕೂತಲ್ಲಿ ಅಲ್ಲ, ನಡೆಯುತ್ತಾ. ಸ್ಟ್ಯಾನ್‌ಫರ್ಡ್‌ನ ಒಪೆಝೋ ಮತ್ತು ಶ್ವಾರ್ಟ್ಜ್ 2014ರಲ್ಲಿ ತೋರಿಸಿದಂತೆ, ನಡೆಯುವಾಗ ಹೊಸ ಹೊಸ ಸಾಧ್ಯತೆಗಳನ್ನು ಕಾಣುವ ಶಕ್ತಿ ಹೆಚ್ಚುತ್ತದೆ. ಆದರೆ ಒಂದೇ ಸರಿ ಉತ್ತರ ಹುಡುಕುವ ಲೆಕ್ಕಕ್ಕೆ ನಡಿಗೆ ಸಹಾಯ ಮಾಡಲಿಲ್ಲ, ತುಸು ಹಿನ್ನಡೆಯೇ ಆಯಿತು. ಪ್ರಬಂಧದ ವಿಷಯ ಆರಿಸಲು, ಮುಂದಿನ ವರ್ಷದ ಬಗ್ಗೆ ಯೋಚಿಸಲು ನಡೆಯಿರಿ. ಸಮೀಕರಣ ಬಿಡಿಸಲು ಕೂತುಕೊಳ್ಳಿ.

ಹೊರಗೆ ಹೋಗುವುದು ಓದಿನ ಕಳ್ಳತನ ಎನ್ನುವ ಭಾವನೆ ಬೇಡ. ಮ್ಯಾಥ್ಯೂ ಕೆಲ್ಲರ್ ಮತ್ತು ಸಂಗಡಿಗರ 2005ರ ಅಧ್ಯಯನದ ಪ್ರಕಾರ, ವಸಂತದ ಹಿತವಾದ ದಿನಗಳಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಹೊರಗಿದ್ದವರ ಉಲ್ಲಾಸವೂ ನೆನಪಿನ ಶಕ್ತಿಯೂ ಹೆಚ್ಚಿತು. ಅದೇ ಹಿತವಾದ ದಿನಗಳಲ್ಲಿ ಒಳಗೇ ಕೂತವರ ಮನಸ್ಸು ಕುಗ್ಗಿತು. ಒಳ್ಳೆಯ ದಿನವನ್ನು ಕಿಟಕಿಯಿಂದ ನೋಡುತ್ತ ಕೂರುವುದಕ್ಕೂ ಒಂದು ಬೆಲೆ ತೆರಬೇಕಾಗುತ್ತದೆ.

ಹೊರಗೆ ಓದುವುದಾದರೆ ಕಾಗದ ಒಯ್ಯಿರಿ, ಲ್ಯಾಪ್‌ಟಾಪು ಬಿಟ್ಟು ಹೋಗಿ. ಬಿಸಿಲಿಗೆ ಪರದೆ ಕಾಣುವುದಿಲ್ಲ, ಬೆಳಕು ಹೆಚ್ಚಿಸಿದರೆ ಬ್ಯಾಟರಿ ಖಾಲಿ, ಕಾದರೆ ಬ್ಯಾಟರಿಯ ಆಯುಸ್ಸೂ ಕಡಿಮೆ. ನೇರ ಬಿಸಿಲಿನಲ್ಲಿ ಬಿಳಿ ಹಾಳೆಯೂ ಕಣ್ಣು ಕುಕ್ಕುತ್ತದೆ, ನೆರಳು ಹುಡುಕಿ. ಹೊರಗೆ ಒಯ್ಯುವುದು ಒಂದೇ ಕೆಲಸವಿರಲಿ: ಒಂದು ಅಧ್ಯಾಯದ ಪ್ರಶ್ನೆಗಳು, ಅಥವಾ ನೆನಪಿನಿಂದ ಬರೆಯುವ ಸಾರಾಂಶ. ಮೂರು ಪುಸ್ತಕ ಹೊತ್ತು ಹೋದವರು ಮೂರನ್ನೂ ತೆರೆಯದೆ ಬರುತ್ತಾರೆ.

ಬಿಸಿಲಿನ ಬಗ್ಗೆ ಒಂದು ಎಚ್ಚರಿಕೆ. ಗಾಳಿ ತಂಪಾಗಿದೆ ಎಂದು ಅತಿನೇರಳೆ ಕಿರಣ ಕಡಿಮೆ ಎಂದುಕೊಳ್ಳಬೇಡಿ. ಅದನ್ನು ನಿರ್ಧರಿಸುವುದರಲ್ಲಿ ಮುಖ್ಯವಾದದ್ದು ಸೂರ್ಯನ ಎತ್ತರ. ಏಪ್ರಿಲ್ 20ರ ನಡುಹಗಲಿನ ಸೂರ್ಯ ಆಗಸ್ಟ್ 22ರಷ್ಟೇ ಎತ್ತರದಲ್ಲಿರುತ್ತಾನೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಟೋಪಿ, ತುಂಬುತೋಳಿನ ಅಂಗಿ ಬೇಕು. ಸನ್‌ಸ್ಕ್ರೀನ್ ಹಚ್ಚಿದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಆಟಕ್ಕೆ ಇಳಿಯುವವರಿಗೂ ಒಂದು ಮಾತು. ಬಿಸಿಗೆ ದೇಹ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಆಮೇಲೆ ಬೆವರು ಬೇಗ ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ, ಹೃದಯದ ಮೇಲಿನ ಭಾರ ಇಳಿಯುತ್ತದೆ. ತಲೆಸುತ್ತಿ ಬೀಳುವುದು ಹೆಚ್ಚಾಗಿ ಮೊದಲ ಬಿಸಿ ದಿನಗಳಲ್ಲೇ. ಆ ವಾರ ಆಟದ ಹೊತ್ತನ್ನು ಅರ್ಧಕ್ಕೆ ಇಳಿಸಿ.

ಉಪನ್ಯಾಸದ ನಂತರ ಎರಡು ಪ್ರಶ್ನೆಗಳು ಬಂದವು. ಮೊದಲನೆಯದು: ರಾತ್ರಿ ಎರಡರವರೆಗೆ ಓದುವ ರೂಢಿ ಇದೆ, ಪರೀಕ್ಷೆ ಬೆಳಿಗ್ಗೆ ಒಂಬತ್ತಕ್ಕೆ, ಏನು ಮಾಡುವುದು? ಮಲಗಿ ಏಳುವ ಹೊತ್ತು ಎರಡು ಗಂಟೆ ಬೇಗಕ್ಕೆ ಸರಿಯಲು ಒಂದು ವಾರದಿಂದ ಹತ್ತು ದಿನ ಬೇಕು. ದಿನಕ್ಕೆ 15 ನಿಮಿಷದಂತೆ ಬೇಗ ಏಳುತ್ತ ಬನ್ನಿ, ಎದ್ದೊಡನೆ ಹೊರಗಿನ ಬೆಳಕಿಗೆ ಹೋಗಿ, ಒಂಬತ್ತರಿಂದ ಹನ್ನೆರಡರವರೆಗೆ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ. ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ಬೇಗ ಮಲಗಲು ಹೋದರೆ ಹಾಸಿಗೆಯಲ್ಲಿ ಹೊರಳಾಡುವುದಷ್ಟೇ ಆಗುತ್ತದೆ.

ಎರಡನೆಯದು ಪರಾಗದಿಂದಾಗುವ ಸೀನಿನ ಬಗ್ಗೆ: ಮಾತ್ರೆ ತೆಗೆದುಕೊಂಡರೆ ದಿನವಿಡೀ ಮಂಪರು. ಕ್ಲೋರ್‌ಫೆನಿರಮೈನ್, ಡೈಫೆನ್‌ಹೈಡ್ರಮೈನ್‌ನಂಥ ಹಳೆಯ ಪೀಳಿಗೆಯ ಅಲರ್ಜಿ ಮಾತ್ರೆಗಳು ಮೆದುಳಿಗೆ ಸುಲಭವಾಗಿ ಇಳಿಯುತ್ತವೆ, ರಾತ್ರಿ ತೆಗೆದುಕೊಂಡರೂ ಮರುದಿನ ಬೆಳಿಗ್ಗೆ ಜಡತೆ ಉಳಿಯಬಹುದು. ಹೊಸ ಪೀಳಿಗೆಯವುಗಳಲ್ಲಿ ಮಂಪರು ಕಡಿಮೆ, ಆದರೂ ಸೆಟಿರಿಜಿನ್ ಕೆಲವರಿಗೆ ನಿದ್ದೆ ತರಿಸುತ್ತದೆ. ಯಾವುದು ಹೊಂದುತ್ತದೆ ಎಂದು ವೈದ್ಯರನ್ನು ಕೇಳಿ, ಪರೀಕ್ಷೆಗೆ ಎರಡು ವಾರ ಮೊದಲೇ ತೆಗೆದುಕೊಂಡು ನೋಡಿ. ವೈದ್ಯರು ಮೂಗಿಗೆ ಸ್ಟೀರಾಯ್ಡ್ ಸ್ಪ್ರೇ ಬರೆದುಕೊಟ್ಟರೆ ಅದರ ಪೂರ್ಣ ಗುಣ ಕಾಣಲು ಹಲವು ದಿನ ಬೇಕು, ಸೀನು ಬಂದಾಗ ಮಾತ್ರ ಹಾಕಿದರೆ ಪ್ರಯೋಜನ ಕಡಿಮೆ. ಸಂಜೆ ಹೊರಗಿನಿಂದ ಬಂದವರು ತಲೆ ತೊಳೆದೇ ಮಲಗಬೇಕು, ಇಲ್ಲವಾದರೆ ಕೂದಲಿನ ಪರಾಗವೆಲ್ಲ ದಿಂಬಿಗೆ ಇಳಿಯುತ್ತದೆ. ಒಗೆದ ದಿಂಬಿನ ಚೀಲವನ್ನು ಈ ಕೆಲವು ವಾರ ಹೊರಗಿನ ಹಗ್ಗಕ್ಕೆ ಹಾಕದೆ ರೂಮಿನೊಳಗೇ ಒಣಗಿಸಿ.